ಬಾಟಲಿಯೋ ಕೆಗ್ಗೋ: ಎರಡು ಸಿಲಿಂಡರ್ ಗಾಳಿಗೆ ಹೋದ ಮೇಲೆ

ಮನೆಯಲ್ಲಿ ಮಾಡಿದ ಬಿಯರನ್ನು ಬಾಟಲಿಗೆ ತುಂಬಬೇಕೋ, ಗ್ಯಾಸಿನ ಒತ್ತಡದಲ್ಲಿಟ್ಟು ನಲ್ಲಿಯಿಂದ ಇಳಿಸಿಕೊಳ್ಳುವ ದೊಡ್ಡ ಉಕ್ಕಿನ ಪಾತ್ರೆಗೆ, ಅಂದರೆ ಕೆಗ್ಗಿಗೆ ತುಂಬಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಟಲಿಗೆ. ಮನೆಯಲ್ಲಿ ಬಿಯರ್ ಮಾಡುವವರ ಯಾವ ಗುಂಪಿಗೆ ಸೇರಿದರೂ ವರ್ಷ ತುಂಬುವುದರೊಳಗೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇನ್ನೂ ಬಾಟಲಿ ತುಂಬ್ತಾ ಕೂತಿದ್ದೀರಾ? ಕೆಗ್ ತಗೊಳ್ಳಿ, ಕೆಲಸ ಅರ್ಧ ಆಗತ್ತೆ." ಆ ಮಾತು ನಂಬಿ ಹೋದ ವರ್ಷ ನಾನೂ ಕೆಗ್ ಕೊಂಡೆ. ಎಂಟು ತಿಂಗಳು ಎರಡನ್ನೂ ಜೊತೆಜೊತೆಗೇ ಬಳಸಿದೆ. ಈಗ ಮತ್ತೆ ಬಾಟಲಿಗೆ ಬಂದಿದ್ದೇನೆ. ಕೊಳ್ಳುವ ಮೊದಲು ಇದನ್ನೆಲ್ಲ ಯಾರಾದರೂ ಹೇಳಿದ್ದರೆ ಮುನ್ನೂರು ಡಾಲರ್ ನನ್ನ ಹತ್ತಿರವೇ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಒರೆಗಾನ್‌ನ ಹಿಲ್ಸ್‌ಬರೊದಲ್ಲಿ, ಪೋರ್ಟ್‌ಲ್ಯಾಂಡಿಗೆ ಪಶ್ಚಿಮಕ್ಕೆ. ಚಿಪ್ ಕಂಪನಿಗಳ ಕೆಲಸಕ್ಕೆಂದು ಬಂದ ಕನ್ನಡದವರು ಇಲ್ಲಿ, ಪಕ್ಕದ ಬೀವರ್ಟನ್‌ನಲ್ಲಿ ಸಾಕಷ್ಟು ಜನ ಇದ್ದೇವೆ. ಬಿಯರ್ ಪ್ರೀತಿಸುವವರಿಗೆ ಇದು ತವರಿನಂಥ ಜಾಗ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವು ಇಲ್ಲೇ ವಿಲಾಮೆಟ್ ಕಣಿವೆಯಲ್ಲಿ ಬೆಳೆಯುತ್ತದೆ. ಅಮೆರಿಕದ ಕ್ರಾಫ್ಟ್ ಬಿಯರಿಗೆ ಚಕ್ಕೋತದ ಘಮ ತಂದುಕೊಟ್ಟ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯನ್ನು ಇದೇ ಕಣಿವೆಯ ಕೊರ್ವಾಲಿಸ್‌ನಲ್ಲಿ ಬೆಳೆಸಿ, ಆಯ್ದು, 1972ರಲ್ಲಿ ಬಿಡುಗಡೆ ಮಾಡಿದರು. ನಾನು ಹಾಕುವ ಯೀಸ್ಟ್ ಬರುವುದು ಹುಡ್ ರಿವರ್‌ನಿಂದ, ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಮನೆಯಲ್ಲಿ ಬಿಯರ್ ಮಾಡಲು ಅವಕಾಶ ಕೊಡುವ ಅಮೆರಿಕದ ಕೇಂದ್ರ ಕಾನೂನು ಬಂದದ್ದು 1978ರಲ್ಲಿ. ಮರುವರ್ಷವೇ ಪೋರ್ಟ್‌ಲ್ಯಾಂಡಿನಲ್ಲಿ ಒರೆಗಾನ್ ಬ್ರೂ ಕ್ರ್ಯೂ ಸಂಘ ಹುಟ್ಟಿಕೊಂಡಿತು. ಆ ಕಾನೂನಿನ ಮಿತಿ, ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200. ಮಾರುವಂತಿಲ್ಲ. ಊರಿನಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು: ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ದಯವಿಟ್ಟು ಅಲ್ಲಿ ಪ್ರಯತ್ನಿಸಬೇಡಿ.

ನಮ್ಮದು ಹನ್ನೆರಡು ಜನರ ಸಣ್ಣ ಗುಂಪು. ತಿಂಗಳಿಗೊಮ್ಮೆ ಯಾರದಾದರೂ ಗ್ಯಾರೇಜಿನಲ್ಲಿ ಸೇರುತ್ತೇವೆ. ಪ್ರತಿಯೊಬ್ಬರೂ ಎರಡು ಬಾಟಲಿ ತರಬೇಕು, ಅದೇ ಪ್ರವೇಶ ಶುಲ್ಕ. ಸ್ಪರ್ಧೆಗಳಲ್ಲಿ ಬಳಸುವ 50 ಅಂಕದ ಹಾಳೆಯಲ್ಲೇ ಅಂಕ ಹಾಕುತ್ತೇವೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗಿದೆ ಎನ್ನುವುದಕ್ಕೆ 5, ಒಟ್ಟಾರೆಗೆ 10. ಹೀಗೆ ಬಾಟಲಿ ಹಿಡಿದು ಇನ್ನೊಬ್ಬರ ಮನೆಗೆ ಹೋಗುವುದಕ್ಕೂ ಈ ರಾಜ್ಯದಲ್ಲಿ ಒಮ್ಮೆ ಅಡ್ಡಿ ಬಂದಿತ್ತು. ಮನೆಯಲ್ಲಿ ಮಾಡಿದ್ದನ್ನು ಮನೆಯಿಂದ ಆಚೆ ಒಯ್ಯುವಂತಿಲ್ಲ ಎಂದು 2010ರಲ್ಲಿ ಹಳೆಯ ಕಾನೂನಿಗೆ ಅರ್ಥ ಹೇಳಿದ್ದರಿಂದ ರಾಜ್ಯದ ಜಾತ್ರೆಯ ಸ್ಪರ್ಧೆಯೇ ನಿಂತುಹೋಯಿತು. 2011ರಲ್ಲಿ ಕಾನೂನು ತಿದ್ದಿದ ಮೇಲೆಯೇ ಮತ್ತೆ ದಾರಿ ಸುಗಮವಾದದ್ದು. ನಮ್ಮ ಗುಂಪಿನ ಹಿರಿಯರೊಬ್ಬರು ಈಗಲೂ ಆ ವರ್ಷದ ಮಾತು ಬಂದರೆ ದನಿ ಏರಿಸುತ್ತಾರೆ. ಹಂಚಿಕೊಳ್ಳುವುದಕ್ಕೇ ತಡೆ ಬಂದಿತ್ತಲ್ಲ ಎಂದು.

ಬಾಟಲಿಯ ಲೆಕ್ಕ ಸರಳ. ಒಂದು ಸಲಕ್ಕೆ 19 ಲೀಟರ್ ಮಾಡುತ್ತೇನೆ, ಗಸಿ ಬಿಟ್ಟು ತುಂಬಿದರೆ 355 ಮಿಲಿಯ 48 ಬಾಟಲಿ ಆಗುತ್ತದೆ. ಖಾಲಿ ಬಾಟಲಿ ನಾನು ಯಾವತ್ತೂ ದುಡ್ಡು ಕೊಟ್ಟು ತಂದಿಲ್ಲ. ಒರೆಗಾನ್‌ನಲ್ಲಿ 1971ರಿಂದ ಬಾಟಲಿಗೆ ಠೇವಣಿಯ ಕಾನೂನಿದೆ, 2017ರಿಂದ ಒಂದಕ್ಕೆ 10 ಸೆಂಟ್. ವಾಪಸು ಕೊಟ್ಟು ಆ ಹತ್ತು ಸೆಂಟ್ ಪಡೆಯುವ ಬದಲು ಬಾಟಲಿಯನ್ನೇ ಇಟ್ಟುಕೊಳ್ಳುತ್ತೇನೆ, ಗೆಳೆಯರೂ ತಂದುಕೊಡುತ್ತಾರೆ. ಕಂದು ಬಣ್ಣದ್ದೇ ಆಗಬೇಕು. ಬಿಳಿ, ಹಸಿರು ಬಾಟಲಿಯಲ್ಲಿ ಬೆಳಕು ಒಳಗೆ ಹೋಗಿ ಹಾಪ್ಸ್‌ನ ಕಹಿ ಅಂಶ ಒಡೆದು ನಾತ ಬರುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡ, ಅದರ ಬಾಯಿಗೆ ನಮ್ಮ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮುಚ್ಚಳ ಒತ್ತುವ ಎರಡು ಹಿಡಿಕೆಯ ಕ್ಯಾಪರ್‌ಗೆ ನಾನು ಕೊಟ್ಟದ್ದು 20 ಡಾಲರ್, 144 ಮುಚ್ಚಳಕ್ಕೆ ಆರು. ಮುಗಿಯಿತು ಬಂಡವಾಳ.

ಬಾಟಲಿಯಲ್ಲಿ ನನಗೂ ಒಮ್ಮೆ ಪೆಟ್ಟು ಬಿದ್ದಿದೆ. ಗ್ಯಾಸ್ ಬರಲೆಂದು ತುಂಬುವ ಮೊದಲು ಡೆಕ್ಸ್‌ಟ್ರೋಸ್ ಸಕ್ಕರೆ ಕುದಿಸಿ ಹಾಕಬೇಕು, 19 ಲೀಟರಿಗೆ ನಾನು ಹಾಕುವುದು 125 ಗ್ರಾಂ. ಒಂದು ಸಲ ಪಾಕವನ್ನು ಸರಿಯಾಗಿ ಕಲಸದೇ ಬಿಟ್ಟೆ. ಅರ್ಧದಷ್ಟು ಬಾಟಲಿಗಳು ಸಪ್ಪೆ, ಉಳಿದವು ಮುಚ್ಚಳ ತೆಗೆದ ಕೂಡಲೇ ಹಾಲು ಉಕ್ಕಿದ ಹಾಗೆ ಉಕ್ಕಿ ಮೇಜೆಲ್ಲ ಒದ್ದೆ. ಈಗ ಪಾಕವನ್ನು ಬಕೆಟ್ಟಿನ ತಳಕ್ಕೆ ಮೊದಲು ಹಾಕಿ, ಅದರ ಮೇಲೆ ಬಿಯರ್ ಇಳಿಸಿ, ಸೌಟಿನಿಂದ ಮೆಲ್ಲಗೆ, ಗಾಳಿ ಸೇರದ ಹಾಗೆ ತಿರುಗಿಸುತ್ತೇನೆ. ಆಮೇಲೆ ಒಮ್ಮೆಯೂ ಹಾಗಾಗಿಲ್ಲ.

ಇನ್ನು ಕೆಗ್. ಉಕ್ಕಿನ, 19 ಲೀಟರಿನ ಹಳೆಯ ಸೋಡಾ ಕೆಗ್ ಎರಡು, ಎರಡೂಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಹಿಡಿಯುವ ಸಿಲಿಂಡರ್, ರೆಗ್ಯುಲೇಟರ್ (ಅದರಲ್ಲಿ ಎರಡು ಒತ್ತಡದ ಮಾಪಕ, ಸಿಲಿಂಡರ್ ಕಡೆಗೊಂದು, ಕೆಗ್ ಕಡೆಗೊಂದು), ಪೈಪು, ನಲ್ಲಿ, ಜೊತೆಗೆ ಗ್ಯಾರೇಜಿನಲ್ಲಿಡಲು ಒಂದು ಹಳೇ ಸಣ್ಣ ಫ್ರಿಜ್. ಎಲ್ಲ ಸೆಕೆಂಡ್‌ಹ್ಯಾಂಡ್, ಬೇರೆ ಬೇರೆಯವರಿಂದ ಕೊಂಡದ್ದು. ಕಾಗದದ ಮೇಲೆ ಕೆಗ್ ಗೆಲ್ಲಲೇಬೇಕು: ಒಂದೇ ಪಾತ್ರೆ ತೊಳೆ, ಒಂದೇ ಸಲ ತುಂಬು, ಗ್ಯಾಸ್ ಜೋಡಿಸು, ಒಂದು ವಾರ ಬಿಟ್ಟು ಕುಡಿ. ಮೊದಲ ಶುಕ್ರವಾರ ರಾತ್ರಿ ತುಂಬಿ ಒತ್ತಡವನ್ನು 12 ಪಿಎಸ್‌ಐಗೆ ಇಟ್ಟು ಮಲಗಿದೆ. ಮುಂದಿನ ಗುರುವಾರ ಲೋಟ ಹಿಡಿದು ನಲ್ಲಿ ಎಳೆದರೆ ಅರ್ಧ ಲೋಟ ಬಂತು, ಆಮೇಲೆ ದಾರದಂತೆ ಸಣ್ಣಗಾಗಿ ನಿಂತೇಹೋಯಿತು. ಮಾಪಕದ ಮುಳ್ಳು ಸೊನ್ನೆಯಲ್ಲಿತ್ತು.

ಇಲ್ಲಿ ನನಗೆ ಗೊತ್ತಿಲ್ಲದಿದ್ದ ಸಂಗತಿಯೊಂದಿದೆ, ಹೊಸಬರು ಇದನ್ನು ಗಮನಿಸಿ. ಸಿಲಿಂಡರಿನ ಒಳಗೆ ಇಂಗಾಲದ ಡೈಆಕ್ಸೈಡ್ ದ್ರವವಾಗಿರುತ್ತದೆ. ಆ ದ್ರವದ ಒಂದು ಚಮಚ ಉಳಿದಿದ್ದರೂ ಸಿಲಿಂಡರ್ ಕಡೆಯ ಮಾಪಕದ ಮುಳ್ಳು ತುಂಬಿದ ಸಿಲಿಂಡರಿಗೆ ತೋರಿಸಿದಷ್ಟೇ ತೋರಿಸುತ್ತದೆ. ದ್ರವ ಮುಗಿದ ಮೇಲೆ ಒಮ್ಮೆಲೇ ಬಿದ್ದುಹೋಗುತ್ತದೆ. ಅಂದರೆ ಗ್ಯಾಸ್ ಎಷ್ಟಿದೆ ಎಂದು ಆ ಮುಳ್ಳು ಹೇಳುವುದೇ ಇಲ್ಲ. ದಿನಾ ನೋಡುತ್ತಿದ್ದೆ, ದಿನಾ ಸರಿಯಾಗಿತ್ತು. ತಿಳಿಯಬೇಕೆಂದರೆ ತೂಕ ಹಾಕಬೇಕು. ಖಾಲಿ ತೂಕ ಸಿಲಿಂಡರಿನ ಭುಜದ ಮೇಲೆ ಅಚ್ಚೊತ್ತಿರುತ್ತದೆ, ಅದನ್ನು ಕಳೆದರೆ ಉಳಿದದ್ದು ಗ್ಯಾಸ್.

28 ಡಾಲರ್ ಕೊಟ್ಟು ಸಿಲಿಂಡರ್ ಬದಲಾಯಿಸಿ ತಂದೆ. ತಪ್ಪು ಕೆಗ್ಗಿನದ್ದೇ ಎಂದು ಮನಸ್ಸಿನಲ್ಲಿ ನಿಶ್ಚಯವಾಗಿಬಿಟ್ಟಿತ್ತು. ಒಂದು ಕೆಗ್ಗಿಗೆ ಐದು ರಬ್ಬರ್ ರಿಂಗ್: ಮುಚ್ಚಳಕ್ಕೊಂದು ದೊಡ್ಡದು, ಗ್ಯಾಸ್ ಮತ್ತು ಬಿಯರಿನ ಕೊಂಡಿಗಳಿಗೆ ಒಂದೊಂದು, ಒಳಗಿನ ಎರಡು ಕೊಳವೆಗಳಿಗೆ ಒಂದೊಂದು. ಹತ್ತೂ ರಿಂಗ್ ಹೊಸದು ಹಾಕಿ ಗ್ರೀಸ್ ಸವರಿದೆ. ಮುಚ್ಚಳ ಭದ್ರವಾಗಿ ಕೂರಲೆಂದು 30 ಪಿಎಸ್‌ಐ ಕೊಟ್ಟೆ. ಸೋಪಿನ ನೀರು ಚಿಮುಕಿಸಿ ಟಾರ್ಚ್ ಬಿಟ್ಟು ನೋಡಿದೆ, ಒಂದು ಗುಳ್ಳೆ ಇಲ್ಲ. ಸಮಾಧಾನವಾಗಿ ಒಳಗೆ ಹೋದೆ. ಹನ್ನೊಂದನೇ ದಿನಕ್ಕೆ ಎರಡನೇ ಸಿಲಿಂಡರೂ ಖಾಲಿ. ಅಷ್ಟು ದಿನ ಸೋರಿದ್ದು ಗ್ಯಾರೇಜಿನಲ್ಲಾದ್ದರಿಂದ ಪರವಾಗಿಲ್ಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಸಿಲಿಂಡರ್ ಇಡಲೇಬೇಡಿ, ಈ ಗ್ಯಾಸು ಸೋರಿ ತುಂಬಿಕೊಂಡರೆ ಉಸಿರಿಗೇ ಅಪಾಯ.

ಕೊನೆಗೆ ಗುಂಪಿನ ಆ ಹಿರಿಯರನ್ನು ಕರೆದೆ. ಅವರು ಕೆಗ್ಗನ್ನು ಮುಟ್ಟಲೂ ಇಲ್ಲ. ಮೂರನೇ ಸಿಲಿಂಡರ್ ಹಾಕಿಸಿ, ಎಲ್ಲ ಒತ್ತಡ ಏರಿದ ಮೇಲೆ ಸಿಲಿಂಡರಿನ ತಿರುಪು ಮಾತ್ರ ಮುಚ್ಚಿಸಿ, ಎರಡು ಮುಳ್ಳುಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕಾಫಿ ಮುಗಿಯುವುದರೊಳಗೆ ಗೊತ್ತಾಯಿತು: ಕೆಗ್ ಕಡೆಯ ಮುಳ್ಳು ಇದ್ದಲ್ಲೇ ಇದೆ, ಸಿಲಿಂಡರ್ ಕಡೆಯದ್ದು ಕೂದಲೆಳೆಯಷ್ಟಷ್ಟೇ ಇಳಿಯುತ್ತಿದೆ. ಸೋರಿಕೆ ರೆಗ್ಯುಲೇಟರಿಗಿಂತ ಹಿಂದೆ. ನಟ್ಟಿನ ಸುತ್ತ ಸೋಪಿನ ನೀರು ಬಿಟ್ಟು ಕಾದೆವು. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ನಿಧಾನಕ್ಕೆ ಬೆಳೆದು ಕಡಲೆಯಷ್ಟಾಗಿ ಒಡೆಯಿತು. ಇನ್ನೊಂದು ಎದ್ದಿತು. ನಟ್ಟು ಬಿಚ್ಚಿದರೆ ಒಳಗೆ ವಾಷರ್ರೇ ಇಲ್ಲ. ಸಿಲಿಂಡರಿನ ಬಾಯಿಗೂ ರೆಗ್ಯುಲೇಟರಿಗೂ ನಡುವೆ ಇರಬೇಕಾದ ನೈಲಾನಿನ ಬಿಳಿ ಬಿಲ್ಲೆ ಅದು, ಒಂದು ಡಾಲರೂ ಇಲ್ಲ. ರೆಗ್ಯುಲೇಟರ್ ಮಾರಿದವರು ಅದನ್ನು ಕೊಟ್ಟಿರಲಿಲ್ಲ, ಬೇಕೆಂದು ಹೇಳಿಯೂ ಇರಲಿಲ್ಲ. ಲೋಹಕ್ಕೆ ಲೋಹ ಒತ್ತಿ ಬಿಗಿದದ್ದರಿಂದ ಕೈಗೆ ಭದ್ರವಾಗಿದೆ ಅನ್ನಿಸುತ್ತಿತ್ತು, ಅಷ್ಟೇ. 56 ಡಾಲರಿನ ಗ್ಯಾಸು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಕಷ್ಟಪಟ್ಟು ಮಾಡಿದ ಗೋಧಿ ಬಿಯರ್ ಐದು ವಾರ ಗ್ಯಾಸಿಲ್ಲದೆ ಬಿದ್ದು ಸೊರಗಿತು. ನನಗೆ ಇವತ್ತಿಗೂ ಬೇಸರವಿರುವುದು ಅದರ ಬಗ್ಗೆ.

ವಾಷರ್ ಹಾಕಿದ ಮೇಲೆ ಕೆಗ್ ಒಂದು ದಿನವೂ ತೊಂದರೆ ಕೊಡಲಿಲ್ಲ. ನೊರೆ ಜಾಸ್ತಿ ಬರುತ್ತಿತ್ತು, ಪೈಪನ್ನು ಹತ್ತು ಅಡಿಗೆ ಉದ್ದ ಮಾಡಿದೆ, ನಿಂತಿತು. ಒಂದು ವಿಷಯದಲ್ಲಂತೂ ಕೆಗ್ಗಿಗೆ ಸಾಟಿಯೇ ಇಲ್ಲ: ಹಾಪ್ಸ್ ಜಾಸ್ತಿ ಹಾಕಿದ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರ್. ಬಾಟಲಿಗೆ ತುಂಬುವಾಗ ಸೇರುವ ಚೂರು ಗಾಳಿಯೇ ಆ ಘಮವನ್ನು ತಿಂದುಹಾಕುತ್ತದೆ. ಮಾವಿನ ರಸದ ಬಣ್ಣವಿದ್ದ ನನ್ನ ಮಸುಕು ಐಪಿಎ ಬಾಟಲಿಯಲ್ಲಿ ಆರು ವಾರಕ್ಕೆ ಹುಣಸೆ ನೀರಿನ ಬಣ್ಣಕ್ಕೆ ತಿರುಗಿತ್ತು. ಅದೇ ಬಿಯರ್, ಗಾಳಿ ತಾಗಿಸದೆ ಕೆಗ್ಗಿಗೆ ಇಳಿಸಿದ್ದು, ಎರಡು ತಿಂಗಳಾದರೂ ಮೂಗಿಗೆ ಹಿಡಿದರೆ ಹಣ್ಣಿನಂಗಡಿ. ನೀವು ಮಾಡುವುದು ಬರೀ ಐಪಿಎ ಆದರೆ ನನ್ನ ಮಾತು ಬಿಟ್ಟು ಕೆಗ್ಗೇ ಕೊಳ್ಳಿ.

ತಂತಿಯ ಕೊಂಡಿ ಎಳೆದು ಮುಚ್ಚುವ ಬಾಟಲಿಗಳನ್ನೂ ಒಂದು ಡಜನ್ ತಂದಿದ್ದೆ. ನೋಡಲು ಚೆಂದ, ದುಬಾರಿ, ರಬ್ಬರ್ ಹಳತಾದರೆ ಗ್ಯಾಸ್ ನಿಲ್ಲುವುದಿಲ್ಲ. ಸ್ಪರ್ಧೆಗೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಈಗ ಅದರಲ್ಲಿ ಅಡುಗೆಮನೆಯ ಎಣ್ಣೆಯಿದೆ.

ಹಾಗಾದರೆ ಸರಿಯಾದ ಕೆಗ್ಗನ್ನು ಯಾಕೆ ಬಿಟ್ಟೆ? ನಾನು ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಲೋಟ ಕುಡಿಯುವವನು. 19 ಲೀಟರ್ ಒಂದೇ ಬಿಯರ್ ಮೂರು ತಿಂಗಳು ಫ್ರಿಜ್ಜಿನಲ್ಲಿ ಕೂತಿರುತ್ತಿತ್ತು, ಅಷ್ಟು ದಿನವೂ ಆ ಫ್ರಿಜ್ ಕರೆಂಟು ಎಳೆಯುತ್ತಿತ್ತು. ಸಣ್ಣ ಫ್ರಿಜ್ ಕೆಟ್ಟ ವಾರ ಕೆಗ್ಗನ್ನು ಅಡುಗೆಮನೆಯ ಫ್ರಿಜ್ಜಿಗೆ ತುರುಕಬೇಕಾಯಿತು. ಹೆಂಡತಿ ದೋಸೆ ಹಿಟ್ಟಿನ ಪಾತ್ರೆ ಹಿಡಿದು ನಿಂತು, "ರೀ, ಇದನ್ನ ಎಲ್ಲಿ ಇಡ್ಲಿ?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಪೈಪು, ನಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಬೇಕು, ಇಲ್ಲದಿದ್ದರೆ ರುಚಿ ಕೆಡುತ್ತದೆ. ಅಷ್ಟು ಸಲ ತೊಳೆಯುವ ಸಮಯ ಕೂಡಿಸಿದರೆ ಬಾಟಲಿ ತುಂಬುವ ಒಂದು ಶನಿವಾರಕ್ಕೆ ಸಮನಾಯಿತು.

ಅದಕ್ಕಿಂತ ದೊಡ್ಡದು, ನಾನು ಬಿಯರ್ ಮಾಡುವುದೇ ಕೊಡಲಿಕ್ಕೆ. ಬೀವರ್ಟನ್ನಿನ ಗೆಳೆಯನ ಮನೆಗೆ ಊಟಕ್ಕೆ ಹೋಗುವಾಗ ನಾಲ್ಕು, ಗುಂಪಿಗೆ ಎರಡು, ಸ್ಪರ್ಧೆಗೆ ಮೂರು. ಕೆಗ್ಗಿನಿಂದ ಬಾಟಲಿಗೆ ಇಳಿಸಬಹುದು, ಇಳಿಸಿದ್ದೇನೆ, ಅರ್ಧ ಗ್ಯಾಸ್ ದಾರಿಯಲ್ಲೇ ಹೋಗುತ್ತದೆ. ಅದಕ್ಕೆಂದೇ ಬರುವ ಸಲಕರಣೆ ಬೇರೆ ಕೊಳ್ಳಬೇಕು. ಇನ್ನೊಂದು ಸುಖವೂ ಬಾಟಲಿಯಲ್ಲೇ ಇದೆ. ನನ್ನ ಬೆಲ್ಜಿಯನ್ ಗೋಧಿ ಬಿಯರಿಗೆ ಕಿತ್ತಳೆ ಸಿಪ್ಪೆಯ ಜೊತೆ ಊರಿನ ಕೊತ್ತಂಬರಿ ಬೀಜ ಕುಟ್ಟಿ ಹಾಕುತ್ತೇನೆ, ಉದ್ದನೆಯ ಕಾಳಿನದು. ಅದರಲ್ಲಿ ನಿಂಬೆಯ ವಾಸನೆ ಹೆಚ್ಚು. ಎರಡನೇ ವಾರ ತೆಗೆದ ಬಾಟಲಿಯಲ್ಲಿ ಸಾರಿನ ಪುಡಿಯ ನೆನಪು ಬರುತ್ತದೆ, ಐದನೇ ವಾರದ್ದರಲ್ಲಿ ಅದು ಹಿಂದೆ ಸರಿದು ಕಿತ್ತಳೆ ಮುಂದೆ ಬಂದಿರುತ್ತದೆ. ಒಂದೊಂದೇ ಬಾಟಲಿ ತೆಗೆದು ಈ ಬದಲಾವಣೆ ನೋಡುವುದು ನನಗೆ ತುಂಬ ಇಷ್ಟ.

ತುಂಬುವ ದಿನ ನಾನು ನೆಲದ ಮೇಲೆ ಕೂತು ಪೈಪು ಹಿಡಿಯುತ್ತೇನೆ, ಹೆಂಡತಿ ಮುಚ್ಚಳ ಒತ್ತುತ್ತಾಳೆ. ಹಿಡಿಕೆ ಪೂರ್ತಿ ಕೆಳಗೆ ಬಂದಾಗ ಒಂದು ಸಣ್ಣ 'ಕಟಕ್' ಕೇಳಬೇಕು. ಕೇಳಿಸದಿದ್ದರೆ ಆ ಬಾಟಲಿ ಅವಳ ಎಡಗಡೆಗೆ ಹೋಗುತ್ತದೆ, ಮತ್ತೊಮ್ಮೆ ಒತ್ತಲು. ಒಂದೂವರೆ ಗಂಟೆಯಲ್ಲಿ 48 ಮುಗಿಯುತ್ತದೆ.

ಒಂದು ಕೆಗ್, ಸಿಲಿಂಡರ್, ಫ್ರಿಜ್ಜನ್ನು ಗುಂಪಿನ ಹೊಸ ಹುಡುಗನಿಗೆ 180 ಡಾಲರಿಗೆ ಕೊಟ್ಟೆ. ಅವನು ಐಪಿಎ ಬಿಟ್ಟು ಬೇರೆ ಮಾಡುವುದಿಲ್ಲ. ರೆಗ್ಯುಲೇಟರ್ ಕೊಡುವಾಗ ವಾಷರ್ ಹಾಕಿಯೇ ಕೊಟ್ಟೆ, ಜೊತೆಗೆ ಇನ್ನೂ ನಾಲ್ಕನ್ನು ಸಣ್ಣ ಕವರಿನಲ್ಲಿ ಹಾಕಿ ಟೇಪು ಹಚ್ಚಿ ಅದಕ್ಕೇ ಅಂಟಿಸಿದೆ.