ಸ್ವಿಫ್ ವಿಮೆ: ದುಬಾರಿ, ಆದರೂ ಬೇಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳದ ಲೆಕ್ಕಪತ್ರ ನನ್ನದು. ನಮಗೆ ಸಂಬಳ ಇಲ್ಲ, ಆದರೆ ಗಾಯವಾದರೆ ಪರಿಹಾರ ಇದೆ. ಅದಕ್ಕೆ ವಿಮೆ ಸ್ವಿಫ್ (SWIF) ಎಂಬ ರಾಜ್ಯ ಸರ್ಕಾರದ ವಿಮಾ ನಿಧಿಯದು. ಪ್ರೀಮಿಯಂ ಕಟ್ಟುವುದು ಟೌನ್‌ಶಿಪ್, ಅಂದರೆ ಊರಿನ ಸ್ಥಳೀಯ ಆಡಳಿತ. ಸಂಬಳವೇ ಇಲ್ಲದವರಿಗೆ ಪ್ರೀಮಿಯಂ ಲೆಕ್ಕ ಹೇಗೆ ಅಂತೀರಾ? ದಳ ಕಾಯುವ ಊರಿನ ಜನಸಂಖ್ಯೆ ನೋಡಿ! ವಿಚಿತ್ರ ಅಲ್ವಾ?

ಆಕ್ಟ್ 46 ಎಂಬ ರಾಜ್ಯದ ಕಾನೂನು 2011ರಲ್ಲಿ ಬಂದ ಮೇಲೆ ಅಗ್ನಿಶಾಮಕರು ಕ್ಯಾನ್ಸರ್‌ಗೂ ಪರಿಹಾರ ಕೇಳುವುದು ಸುಲಭವಾಯಿತು. ಒಳ್ಳೆಯದೇ. ಆದರೆ ಖಾಸಗಿ ವಿಮಾ ಕಂಪನಿಗಳು ಹಿಂದೆ ಸರಿದವು. ಬೇರೆಯವರು ಬೇಡ ಅಂದವರಿಗೂ ವಿಮೆ ಕೊಡುವುದು ರಾಜ್ಯದ ನಿಧಿ ಸ್ವಿಫ್. ಅದೊಂದಕ್ಕೇ ನನ್ನ ಮೆಚ್ಚುಗೆ. ದರ ಮಾತ್ರ ಸಣ್ಣ ಊರಿಗೆ ಜಾಸ್ತಿನೇ.

ಇನ್ನೊಂದು ವಿಷಯ: ಸ್ವಯಂಸೇವಕರ ಕ್ಯಾನ್ಸರ್ ಕ್ಲೇಮ್‌ಗೆ ಆಯಾ ಬೆಂಕಿಯ ವರದಿ ದಾಖಲಾಗಿರಬೇಕು. ಹಾಗಾಗಿ ಎಷ್ಟೇ ಸುಸ್ತಾಗಿದ್ದರೂ ಹುಡುಗರ ಕೈಲಿ ವರದಿ ಬರೆಸಿಯೇ ಮನೆಗೆ ಬಿಡುತ್ತೇನೆ. ಬೈಯ್ತಾರೆ, ಬೈಯ್ಲಿ. ಐದಕ್ಕೆ ಮೂರು ಸ್ಟಾರ್.