ನಾಲ್ಕು ಖಾನೆಯ ಲಿಥಿಯಂ ಚಾರ್ಜರ್: ಆರು ವರ್ಷ ಬಳಸಿದ ಮೇಲೆ

2019ರ ಜನವರಿಯಲ್ಲಿ 1,800 ರೂಪಾಯಿ ಕೊಟ್ಟು ಕೊಂಡ ಚಾರ್ಜರ್ ಇದು. ಚೀನಾದಲ್ಲಿ ತಯಾರಾದದ್ದು. ಒಂದೇ ಸಲಕ್ಕೆ ನಾಲ್ಕು ಸೆಲ್‌ಗಳನ್ನು ಹಾಕಬಹುದು, ಪ್ರತಿ ಖಾನೆಯೂ ಪ್ರತ್ಯೇಕವಾಗಿ ಕೆಲಸ ಮಾಡುತ್ತದೆ. ಸೆಲ್ ತುಂಬಿಸುವುದಷ್ಟೇ ಅಲ್ಲ, ಅದರಲ್ಲಿ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ಅಳೆದು ಪರದೆಯ ಮೇಲೆ ತೋರಿಸುತ್ತದೆ. ಅಂದಿನಿಂದ ಇಂದಿನವರೆಗೆ ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ, ಬಾಲ್ಕನಿಯ ಪಕ್ಕದ ಮೇಜಿನ ಮೇಲೆ, ವಾರಕ್ಕೆ ಮೂರು ನಾಲ್ಕು ದಿನವಾದರೂ ದುಡಿದಿದೆ.

ಕೊಂಡ ಕಾರಣವನ್ನು ಮುಚ್ಚಿಡುವುದಿಲ್ಲ. ಆಗ ನಾನು ದಿನಕ್ಕೆ ಎಂಟು ಹತ್ತು ಸಿಗರೇಟು ಸೇದುತ್ತಿದ್ದೆ. ಬಿಡಬೇಕೆಂಬ ಆಸೆ ಒಂದು ಕಡೆ, ಎಲೆಕ್ಟ್ರಾನಿಕ್ಸ್ ಹುಚ್ಚು ಇನ್ನೊಂದು ಕಡೆ. ಎರಡನ್ನೂ ಸೇರಿಸಿ, ತೇಗದ ಮರದ ಪುಟ್ಟ ಪೆಟ್ಟಿಗೆಯಲ್ಲಿ ನನ್ನದೇ ಇ-ಸಿಗರೇಟು ಕಟ್ಟುತ್ತೇನೆಂದು ಹೊರಟಿದ್ದೆ. ಒಳಗಿರುವುದು ಸರಳ ವಿದ್ಯುತ್ ಮಂಡಲ: ಒಂದು ಸೆಲ್, ಒಂದು ಸ್ವಿಚ್, ಕಾಯುವ ತಂತಿಯ ಸುರುಳಿ. ನಾನು ಸುತ್ತಿದ ಸುರುಳಿ 0.6 ಓಮ್ ತೋರಿಸಿತು. ಪೂರ್ತಿ ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್. ಭಾಗಿಸಿದರೆ 7 ಆಂಪಿಯರ್. ಹೆಬ್ಬೆರಳಿನ ಗಾತ್ರದ ಸೆಲ್ಲೊಂದರಿಂದ, ಮುಖದ ಹತ್ತಿರ ಹಿಡಿಯುವ ವಸ್ತುವಿಗೆ, 7 ಆಂಪಿಯರ್! ಆ ಲೆಕ್ಕ ಬರೆದ ಕಾಗದವನ್ನು ನೋಡಿದಾಗ ನನಗೆ ಬೇಕಾದದ್ದು ಮೊದಲು ಒಳ್ಳೆಯ ಸೆಲ್, ಅದು ಒಳ್ಳೆಯದೆಂದು ಹೇಳಬಲ್ಲ ಸಾಧನ ಎಂಬುದು ಖಚಿತವಾಯಿತು. ಹಾಗೆ ಈ ಚಾರ್ಜರ್ ಮನೆಗೆ ಬಂತು.

ಮೊದಲ ಪರೀಕ್ಷೆಯಲ್ಲೇ ಇದು ತನ್ನ ಬೆಲೆಯನ್ನು ತೀರಿಸಿತು. ಪುಣೆಯ ಬುಧವಾರ ಪೇಟೆ ಎಂಬ ಬಡಾವಣೆಯ ತಪಕೀರ್ ಗಲ್ಲಿಯಲ್ಲಿ ನಾನು ಕೊಂಡ ಎರಡು ಹೊಸ ಸೆಲ್‌ಗಳ ಹೊದಿಕೆಯ ಮೇಲೆ 9,800 ಎಂಎಎಚ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಎಂಎಎಚ್ ಎಂದರೆ ಮಿಲಿಆಂಪಿಯರ್ ಗಂಟೆ, ಸೆಲ್ಲಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ. ರಾತ್ರಿ ಪರೀಕ್ಷೆಗೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದರಲ್ಲಿ 1,140, ಇನ್ನೊಂದರಲ್ಲಿ 1,085. ನಂಬಿಕೆ ಬಾರದೆ ಖಾನೆ ಬದಲಿಸಿ ಮತ್ತೆ ಹಾಕಿದೆ. ಅದೇ ಸಂಖ್ಯೆ, ಹತ್ತಿಪ್ಪತ್ತರ ವ್ಯತ್ಯಾಸದಲ್ಲಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ತೂಕ 31 ಗ್ರಾಂ. ಒಳ್ಳೆಯ ಸೆಲ್ 45 ಗ್ರಾಮಿನ ಆಸುಪಾಸು ತೂಗಬೇಕು. ಈ ಬಗೆಯ ಸೆಲ್ಲಿಗಿರುವ 18650 ಎಂಬ ಹೆಸರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಆ ಡಬ್ಬಿಯೊಳಗೆ 9,800 ಎಂಎಎಚ್ ತುಂಬುವುದು ಯಾರಿಂದಲೂ ಆಗಿಲ್ಲ. ಒಳ್ಳೆಯ ಕಂಪನಿಗಳ ಸೆಲ್‌ಗಳೇ 3,500ರ ಹತ್ತಿರ ನಿಲ್ಲುತ್ತವೆ. ಅಂಥ ಸುಳ್ಳು ಸೆಲ್ಲಿನಿಂದ 7 ಆಂಪಿಯರ್ ಎಳೆಯುವ ಯೋಚನೆ ಮಾಡಿದ್ದೆನಲ್ಲ ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆ ಯೋಜನೆ ಮುಗಿಯಲಿಲ್ಲ. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಇ-ಸಿಗರೇಟಿನ ಮಾರಾಟ, ಆಮದು ಮಾತ್ರವಲ್ಲ, ತಯಾರಿಕೆಯೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಹೊತ್ತಿಗೆ ಅಮೆರಿಕದಲ್ಲಿ ಇ-ಸಿಗರೇಟಿನ ಆವಿ ಸೇದಿ ಶ್ವಾಸಕೋಶ ಹಾಳಾಗಿ ಆಸ್ಪತ್ರೆ ಸೇರಿದವರ ಸುದ್ದಿ ದಿನವೂ ಬರುತ್ತಿತ್ತು. 2020ರ ಫೆಬ್ರವರಿಯ ಹೊತ್ತಿಗೆ ಅವರ ಸಂಖ್ಯೆ 2,800 ದಾಟಿ, 68 ಜನ ತೀರಿಕೊಂಡಿದ್ದರು. ಅಂಥ ಬಹುಪಾಲು ಪ್ರಕರಣಗಳಿಗೆ ಗಾಂಜಾ ಸತ್ವದ ದ್ರವದಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಾರಣವೆಂದು ಆಮೇಲೆ ತಿಳಿಯಿತು. ಪೆಟ್ಟಿಗೆಯನ್ನು ಬಿಚ್ಚಿ ಸುರುಳಿಯನ್ನು ಕತ್ತರಿಸಿ ಎಸೆದೆ. ಸಿಗರೇಟು ಬಿಟ್ಟದ್ದು ಎರಡು ವರ್ಷದ ನಂತರ, 1800-11-2356 ಎಂಬ ಸರ್ಕಾರದ ಉಚಿತ ಸಹಾಯವಾಣಿಯ ಸಲಹೆ ಮತ್ತು ಹೆಂಡತಿಯ ತಾಳ್ಮೆಯಿಂದ. ಬಿಡಬೇಕೆನ್ನುವವರು ಪೆಟ್ಟಿಗೆ ಕಟ್ಟುವುದಕ್ಕಿಂತ ಆ ಸಂಖ್ಯೆಗೆ ಕರೆ ಮಾಡುವುದು ಒಳ್ಳೆಯದು.

ಚಾರ್ಜರ್ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಅದರ ನಿಜವಾದ ಬಳಕೆ ಶುರುವಾದದ್ದು ಆಮೇಲೆ.

ಪುಣೆಯ ಮಂಗಳವಾರ ಪೇಟೆಯಲ್ಲಿ ಜೂನಾ ಬಜಾರ್ ಎಂಬ ಹಳೆ ಸಾಮಾನಿನ ಸಂತೆ ಬುಧವಾರ ಮತ್ತು ಭಾನುವಾರ ಸೇರುತ್ತದೆ. ಅಲ್ಲಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸಾಮಾನ್ಯವಾಗಿ ಒಂದರಲ್ಲಿ ಆರು ಸೆಲ್, ಎರಡೆರಡರ ಮೂರು ಜೋಡಿ. ಒಂದು ಜೋಡಿ ಕೆಟ್ಟರೆ ಸಾಕು, ಇಡೀ ಬ್ಯಾಟರಿಯನ್ನು ಸತ್ತಿತೆಂದು ಎಸೆಯುತ್ತಾರೆ. ಉಳಿದ ನಾಲ್ಕರಲ್ಲಿ ಜೀವ ಇರುತ್ತದೆ. ಹೊರಗವಚವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ತೆಗೆಯುತ್ತೇನೆ, ಸ್ಕ್ರೂಡ್ರೈವರ್ ಮುಟ್ಟಿಸುವುದಿಲ್ಲ, ಏಕೆಂದರೆ ತುದಿ ಸೆಲ್ಲಿಗೆ ಚುಚ್ಚಿದರೆ ಬೆಂಕಿ. ಮಲ್ಟಿಮೀಟರ್ 2 ವೋಲ್ಟಿಗಿಂತ ಕಡಿಮೆ ತೋರಿಸಿದ ಸೆಲ್ಲನ್ನು ಚಾರ್ಜರಿಗೆ ಹಾಕುವುದೇ ಇಲ್ಲ. ಅಷ್ಟು ಬರಿದಾದ ಸೆಲ್ಲಿನೊಳಗೆ ತಾಮ್ರ ಕರಗಿ, ಮತ್ತೆ ತುಂಬಿಸುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ.

ಉಳಿದವನ್ನು ಪೂರ್ಣ ಪರೀಕ್ಷೆಗೆ ಹಾಕುತ್ತೇನೆ. ಚಾರ್ಜರ್ ಮೊದಲು ಸೆಲ್ಲನ್ನು ತುಂಬಿಸುತ್ತದೆ, ಆಮೇಲೆ ನಿಧಾನವಾಗಿ ಬರಿದು ಮಾಡುತ್ತಾ ಹೊರಬಂದದ್ದನ್ನು ಎಣಿಸುತ್ತದೆ, ಕೊನೆಗೆ ಮತ್ತೆ ತುಂಬಿಸುತ್ತದೆ. 2,600ರ ಸೆಲ್ಲಿಗೆ ಹನ್ನೊಂದು ಹನ್ನೆರಡು ಗಂಟೆ ಬೇಕು. ಆತುರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಆದರೆ ಫಲಿತಾಂಶವನ್ನು ನಂಬಬಹುದು. ಒಂದೇ ಸೆಲ್ಲನ್ನು ನಾಲ್ಕೂ ಖಾನೆಗಳಲ್ಲಿ ಒಂದಾದ ಮೇಲೊಂದು ಅಳೆದಾಗ 2,214, 2,231, 2,190, 2,226 ಬಂತು. ಇಷ್ಟು ಹಣಕ್ಕೆ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಪ್ರತಿ ಸೆಲ್ಲಿನ ಮೇಲೆ ಮಾರ್ಕರ್‌ನಿಂದ ಸಂಖ್ಯೆ ಮತ್ತು ತಿಂಗಳು ಬರೆಯುತ್ತೇನೆ. ಎರಡು ವಾರ ಬಿಟ್ಟು ವೋಲ್ಟ್ ನೋಡುತ್ತೇನೆ. 4.1ಕ್ಕಿಂತ ಕೆಳಗಿಳಿದಿದ್ದರೆ ಬೇರೆ ಇಡುತ್ತೇನೆ, ಅದನ್ನು ಮುಂದೆ ಬಳಸುವುದಿಲ್ಲ.

ಹೀಗೆ ಆರಿಸಿದ ನಾಲ್ಕು ಸೆಲ್‌ಗಳಿಂದ ಮಾಡಿದ ದೀಪವೊಂದು ನೆರೆಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಅವರ ಬಳಿ ಇದೆ. ಅವರು ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ, ಪ್ರತಿ ಆಷಾಢದಲ್ಲಿ ವಾರಿ ಎಂಬ ಯಾತ್ರೆಯಲ್ಲಿ, ದಿಂಡಿ ಎನ್ನುವ ಭಕ್ತರ ಗುಂಪಿನ ಜೊತೆ, ನಡೆದುಕೊಂಡು ಪಂಢರಪುರಕ್ಕೆ ಹೋಗುತ್ತಾರೆ. ಸೆಲ್‌ಗಳು ತಲಾ 2,100ರವು, ಸುರಕ್ಷಾ ಬೋರ್ಡ್ ಬೆಸೆದಿದ್ದೇನೆ, 1 ವ್ಯಾಟಿನ ಎಲ್‌ಇಡಿ. ರಾತ್ರಿಗೆ ಎಂಟು ಗಂಟೆ ಉರಿಸಿದರೂ ಮೂರು ರಾತ್ರಿ ಬರುತ್ತದೆ. ಹೋದ ಸಲ ಮರಳಿ ಬಂದವರು ಪ್ರಸಾದದ ಜೊತೆಗೆ ಹೇಳಿದರು: "ತಮ್ಮಾ, ಸಾಸವಡದಲ್ಲಿ ಮಳೆ ಹಿಡಿದು ಕರೆಂಟು ಹೋಯಿತು. ನಮ್ಮ ದಿಂಡಿಯಲ್ಲಿ ಉಳಿದದ್ದು ನಿನ್ನ ದೀಪವೊಂದೇ. ಅದರ ಬೆಳಕಿನಲ್ಲೇ ಎಲ್ಲರೂ ಊಟ ಮಾಡಿದೆವು."

ಇನ್ನು ಇದರ ದೊಡ್ಡ ಕೊರತೆ. 2022ರ ಮಾರ್ಚಿನ ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ಮೇಜಿನ ಕಡೆಯಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮೂರನೆಯ ಖಾನೆಯ ಪರದೆಯಲ್ಲಿ 4,380 ಎಂದು ಓಡುತ್ತಿತ್ತು. ಅದು 2,200ರ ಹಳೆಯ ಕೆಂಪು ಸೆಲ್. ಎಷ್ಟು ತುಂಬಿಸಿದರೂ ತುಂಬದೆ, ಒಳಹೋದದ್ದನ್ನೆಲ್ಲ ಶಾಖವಾಗಿ ಬಿಡುತ್ತಿತ್ತು. ಬೆರಳಿಟ್ಟರೆ ಒಂದು ಕ್ಷಣವೂ ತಡೆಯಲಾಗಲಿಲ್ಲ. ಪ್ಲಗ್ ಕಿತ್ತು, ಅಡುಗೆಮನೆಯ ಇಕ್ಕಳದಿಂದ ಸೆಲ್ ಹಿಡಿದು, ಬಾಲ್ಕನಿಯಲ್ಲಿ ತುಳಸಿಕಟ್ಟೆಗೆಂದು ತಂದಿಟ್ಟಿದ್ದ ಮರಳಿನ ಬುಟ್ಟಿಯಲ್ಲಿ ಹೂತಿಟ್ಟೆ. ಬೆಳಗಾಗುವವರೆಗೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಗಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು.

ಈ ಚಾರ್ಜರಿನಲ್ಲಿ ಸೆಲ್ಲಿನ ಬಿಸಿಯನ್ನು ಅರಿತು ನಿಲ್ಲಿಸುವ ವ್ಯವಸ್ಥೆ ಇಲ್ಲ. ಇಷ್ಟು ಹೊತ್ತಾಯಿತು, ಇನ್ನು ಸಾಕು ಎಂದು ತಾನಾಗಿ ನಿಲ್ಲುವ ಮಿತಿಯೂ ಇಲ್ಲ. ಮನೆಯೊಳಗೆ ಇಡುವ ವಸ್ತುವಿನಲ್ಲಿ ಇದು ಸಣ್ಣ ತಪ್ಪಲ್ಲ. ಅಂದಿನಿಂದ ಮಲಗುವ ಮುನ್ನ ಪ್ಲಗ್ ತೆಗೆಯುತ್ತೇನೆ, ಕೆಳಗೆ ನೆಲಕ್ಕೆ ಹಾಸುವ ಟೈಲ್ಸ್ ಹಾಸಿದ್ದೇನೆ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುವಾಗ ಪರೀಕ್ಷೆ ನಡೆಸುವುದೇ ಇಲ್ಲ.

ಉಳಿದ ದೂರುಗಳು ಚಿಕ್ಕವು. ಇದು ತೋರಿಸುವ ಒಳರೋಧದ (ಕರೆಂಟಿಗೆ ಸೆಲ್ ತಾನೇ ಒಡ್ಡುವ ತಡೆಯ) ಸಂಖ್ಯೆಯನ್ನು ನೆಚ್ಚಬೇಡಿ. ಅದೇ ಸೆಲ್ ಅದೇ ಖಾನೆಯಲ್ಲಿ ಒಮ್ಮೆ 48 ಮಿಲಿಓಮ್ ತೋರಿಸುತ್ತದೆ, ಸ್ವಲ್ಪ ತಿರುಗಿಸಿ ಕೂರಿಸಿದರೆ 71 ತೋರಿಸುತ್ತದೆ. 12 ವೋಲ್ಟಿನ ಅಡಾಪ್ಟರ್ 2023ರಲ್ಲಿ ಕೈಕೊಟ್ಟಿತು. ತಪಕೀರ್ ಗಲ್ಲಿಯಲ್ಲಿ 350 ರೂಪಾಯಿಗೆ ಬದಲಿ ಸಿಕ್ಕಿತು. ಎರಡನೆಯ ಖಾನೆಯ ಸ್ಪ್ರಿಂಗ್ ಸಡಿಲವಾಗಿದೆ. ಮಳೆಗಾಲದಲ್ಲಿ ತಾಮ್ರದ ತುದಿಗಳು ಮಂಕಾಗುತ್ತವೆ, ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರೆ ಸರಿಹೋಗುತ್ತದೆ.

ಟಾರ್ಚಿಗೆ ಎರಡು ಸೆಲ್ ತುಂಬಿಸಿಕೊಳ್ಳುವುದಷ್ಟೇ ಕೆಲಸವಾದರೆ ಇದು ಬೇಡ. ಹಳೆಯ ಸೆಲ್‌ಗಳನ್ನು ಮತ್ತೆ ಬಳಸುವವರು, ಪವರ್ ಬ್ಯಾಂಕ್, ದೀಪ, ಮಕ್ಕಳ ವಿಜ್ಞಾನದ ಮಾದರಿ ಕಟ್ಟುವವರು ಇಂಥದ್ದೊಂದಿಲ್ಲದೆ ಕೆಲಸ ಆರಂಭಿಸಬಾರದು. ಈಗ ಕೊಳ್ಳುವುದಾದರೆ ಬಿಸಿ ಅರಿಯುವ ವ್ಯವಸ್ಥೆ ಇರುವ ಮಾದರಿಯನ್ನೇ ಕೇಳಿ, 500 ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಐದರಲ್ಲಿ ನನ್ನದು ನಾಲ್ಕು ನಕ್ಷತ್ರ. ಐದನೆಯದು ಆ ಮಾರ್ಚಿನ ರಾತ್ರಿ ಹೋಯಿತು. ಆ ಕೆಂಪು ಸೆಲ್ಲನ್ನೂ ಅದರ ಹಿಂದೆಯೇ ಸೋತ ಇನ್ನೂ ಇಪ್ಪತ್ತಮೂರನ್ನೂ ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟಿದ್ದೇನೆ.