‘ಸ್ಕಿಪ್ ಕೊಟ್ಟೆ ಸರ್’ ಅಂದ! ಔಟ್‌ಲುಕ್ ಅಪ್‌ಗ್ರೇಡ್ ಮಾಡಸೂ ಮುಂಚೆ ಇದನ್ನ ಓದ್ರಿ

ಪ್ರೆಸ್ ಇಟ್ಟವರು, ಏಜೆನ್ಸಿ ನಡಸವರು, ಆಫೀಸಿನ ಕಂಪ್ಯೂಟರ್‌ನ್ಯಾಗ ಮೇಲ್ ನೋಡಾಕ, ಕಳಸಾಕ ಇನ್ನೂ ಹಳೇ ಔಟ್‌ಲುಕ್ಕ ಇಟ್ಟಕೊಂಡವರು ಯಾರರ ಇದ್ರ ಇದನ್ನ ಪೂರ್ತಿ ಓದ್ರಿ. ಬರಿಯಾಕ ನಾಚಿಕಿ ಆಗಾಕತ್ತೈತಿ. ಇಪ್ಪತ್ತೆರಡ ವರ್ಷ ಆತು ಪ್ರೆಸ್ ನಡಸಾಕತ್ತು. ಗಿರಾಕಿ ಮಾರಿ ನೋಡಿ ಬಿಲ್ಲು ಯಾವಾಗ ಕೊಡ್ತಾನ ಅಂತ ಹೇಳವ ನಾನು. ನನ್ನನ್ನ ಒಬ್ಬ ಮೀಸಿ ಚಿಗುರೂ ಹುಡುಗ ಮಂಗ್ಯಾ ಮಾಡಿ ಕಳಿಸಿದ.

ಬೆಟಗೇರ್ಯಾಗ ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕಿ, ಬಿಲ್‌ಬುಕ್, ಸಹಕಾರಿ ಸಂಘದವರ ಪಾಸ್‌ಬುಕ್, ದೀಪಾವಳಿ ಆದಮ್ಯಾಲೆ ಕ್ಯಾಲೆಂಡರ್. ಔಟ್‌ಲುಕ್ 2016 ಇತ್ತು, ವಿಂಡೋಸ್ 10 ಇತ್ತು. ಏನೂ ತ್ರಾಸ ಇರಲಿಲ್ಲ. ಮತ್ತ ಹೇಳ್ತೀನಿ, ಏನೂ ತ್ರಾಸ ಇರಲಿಲ್ಲ. ಆಯುಧ ಪೂಜಾ ದಿನ ಅದಕ್ಕ ಕುಂಕುಮ ಹಚ್ಚಿ, ಹೂವ ಏರಿಸಿ, ಕಾಯಿ ಒಡದಿದ್ವಿ.

ಪ್ರಿಂಟರ್ ಟೋನರ್ ತರಾಕ ಹುಬ್ಬಳ್ಳಿಗೆ ಹೋಗಿದ್ದೆ. ನಾವು ಯಾವಾಗಲೂ ಹೋಗೂ ಅಂಗಡಿ, ಹೆಸರು ಬ್ಯಾಡ. ಅಲ್ಲಿ ಹುಡುಗ ತಾನಾಗೇ ಮಾತು ತಗದ. ‘ಸರ್, ನಿಮ್ಮಲ್ಲೆ ಯಾವ ಔಟ್‌ಲುಕ್ ಐತ್ರಿ? 2016? ಅಯ್ಯೋ, ಅಕ್ಟೋಬರ್ 14ಕ್ಕ ಬಂದ್ ಆಗ್ತೈತ್ರಿ ಅದು. ಮೇಲ್ ಬರೂದಿಲ್ಲ, ಹೋಗೂದೂ ಇಲ್ಲ. ಎಲ್ಲಾರೂ ಮಾಡಸಾಕತ್ತಾರ.’

ಎಲ್ಲಾರೂ ಮಾಡಸಾಕತ್ತಾರ! ಇದೊಂದ ಮಾತಿಗೆ ನಾ ಬಿದ್ದೆ. ಕ್ಯಾಲೆಂಡರ್ ಸೀಸನ್ ಎದುರಿಗೆ ನಿಂತೈತಿ, ಮೇಲ್ ನಿಂತ್ರ ಏನ್ ಗತಿ ಅಂತ ಹೆದರಿದೆ. ತಾರೀಖು ಸುಳ್ಳಲ್ಲ ಖರೆ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕೂ, ಔಟ್‌ಲುಕ್ ಕೂಡಿ ಬರೂ ಆಫೀಸ್ 2016, 2019 ಸಾಫ್ಟ್‌ವೇರ್‌ಗೂ ಮೈಕ್ರೋಸಾಫ್ಟ್‌ನವರು ಸಪೋರ್ಟ್ ನಿಲ್ಲಿಸ್ಯಾರ. ಆದ್ರ ಸಪೋರ್ಟ್ ನಿಲ್ಲೂದು ಅಂದ್ರ ಹೊಸಾ ಸೆಕ್ಯೂರಿಟಿ ಅಪ್‌ಡೇಟ್ ಬರೂದಿಲ್ಲ ಅಂತ ಅರ್ಥ. ಅವತ್ತ ಗಂಟಿ ಬಾರಿಸಿ ಸಾಫ್ಟ್‌ವೇರ್ ಸಾಯೂದಿಲ್ಲ. ನಮ್ಮ ಎದರಿಗೆ ಪ್ರಿಂಟಿಂಗ್ ಪ್ಲೇಟ್ ಮಾಡಿ ಕೊಡವರದು ಈಗೂ 2016, ಈಗೂ ಮೇಲ್ ಬರಾಕತ್ತಾವ. ಇದನ್ನ ನೋಡಿದಾಗೆಲ್ಲಾ ಹೊಟ್ಟಿ ಉರೀತೈತಿ.

ಅಕ್ಟೋಬರ್ 6, ಸೋಮವಾರ. ಸಿಪಿಯು ಕಾರಿನ್ಯಾಗ ಹಾಕ್ಕೊಂಡು ಹೊಂಟೆ. ಹೊರಡೂ ಮುಂದ ನಮ್ಮ ಡಿಟಿಪಿ ಹುಡುಗಿ ಕೇಳಿದ್ಳು, ‘ಅಣ್ಣಾರ, ಮೇಲ್ ಫೈಲ್ ಬ್ಯಾರೆ ಕಾಪಿ ತಗೊಂಡಿರೇನ್ರಿ?’ ನಾ ಏನಂದೆ ಗೊತ್ತೇನ್ರಿ? ‘ನಿನಗಿಂತ ಅವಗ ಹೆಚ್ಚಿಗಿ ಗೊತ್ತೈತಿ, ನೀ ಲಗ್ನಪತ್ರಿಕಿ ಮುಗಸ.’ ಈ ಮಾತು ನಾ ಸಾಯೂತನಕ ಮರಿಯಂಗಿಲ್ಲ. ಆಕಿನೂ ಮರಿಯಂಗಿಲ್ಲ ಅನಸ್ತೈತಿ.

ಅಂಗಡ್ಯಾಗ ನಾನೂ ಒಂದ ಸಲ ಕೇಳಿದೆ, ‘ತಮ್ಮಾ, ಹಳೇ ಮೇಲ್ ಏನೂ ಹೋಗೂದಿಲ್ಲಲ್ಲ?’ ಅವ ನಕ್ಕ. ‘ಮೇಲ್ ಎಲ್ಲಾ ಸರ್ವರ್‌ನ್ಯಾಗ ಇರ್ತಾವ್ರಿ ಸರ್, ಆರಾಮ ಚಾ ಕುಡೀರಿ.’ ಕುಡದೆ. ವಿಂಡೋಸ್ 11 ಹಾಕಿದ್ದಕ್ಕ 1,500, ‘ಹೊಸಾ ಔಟ್‌ಲುಕ್, ಲೈಫ್‌ಟೈಮ್’ ಅಂತ 3,200. ಬಿಲ್ ಕೇಳಿದ್ರ ‘ಬಿಲ್ ಬೇಕಂದ್ರ 18 ಪರ್ಸೆಂಟ್ ಬ್ಯಾರೆ ಆಗ್ತೈತ್ರಿ’ ಅಂದ. ನಾ ಬ್ಯಾಡ ಅಂದೆ. ಅಲ್ಲಿಗೆ ನನ್ನ ಕೈ ನಾನ ಕಡಕೊಂಡಂಗ ಆತು.

ಮರುದಿನ ಪ್ರೆಸ್‌ನ್ಯಾಗ ಚಾಲೂ ಮಾಡಿದ್ವಿ. ಮೇಲ್ ಬಂದ್ವು. ಎಲ್ಲಾ ಚಂದ ಕಾಣಸಾಕತ್ತಿತ್ತು. ಮ್ಯಾಲೆ ಒಂದು ಜಾಹೀರಾತು, ಮೇಲ್ ವೇಷದಾಗ ಕುಂತಿತ್ತು. 3,200 ಕೊಟ್ಟದ್ದರಾಗ ಜಾಹೀರಾತು ಯಾಕ ಅಂತ ನೋಡಿದ್ರ, ಆ ಹೊಸಾ ಔಟ್‌ಲುಕ್ ವಿಂಡೋಸ್ 11ರ ಜೋಡಿ ಪುಕ್ಕಟ ಬರೂದು! ಪುಕ್ಕಟ. ಅದಕ್ಕ ಜಾಹೀರಾತು. ಇದಕ್ಕ ನಾ ರೊಕ್ಕ ಕೊಟ್ಟು, ಚಾ ಕುಡದು, ಥ್ಯಾಂಕ್ಸ್ ಹೇಳಿ ಬಂದೀನಿ.

ಅದೂ ಹೋಗಲಿ. ಡಿಟಿಪಿ ಹುಡುಗಿ ಇನ್‌ಬಾಕ್ಸ್ ಕೆಳಗ ಎಳೀತಾ ಹೋದ್ಳು. ಸಪ್ಟೆಂಬರ್ ಕೊನೀ ವಾರಕ್ಕ ಬಂದು ನಿಂತ ಬಿಡ್ತು. ಅದರ ಕೆಳಗ ಏನೂ ಇಲ್ಲ. 2017ರಿಂದ ಇದ್ದ ಮೇಲ್ ಎಲ್ಲಾ ಇಲ್ಲ. ನಾವು ಕಳಿಸಿದ್ದಂತೂ ಒಂದೂ ಇಲ್ಲ.

ನಮ್ಮದು ಸ್ವಂತ ಡೊಮೇನ್ ಮೇಲ್, ಪಾಪ್ ಸೆಟ್ಟಿಂಗ್. ಅಂದ್ರ ಮೇಲ್ ಸರ್ವರ್‌ನಿಂದ ಕಂಪ್ಯೂಟರ್‌ಗೆ ಇಳೀತೈತಿ, ಔಟ್‌ಲುಕ್ 14 ದಿನ ಸರ್ವರ್‌ನ್ಯಾಗ ಒಂದು ಪ್ರತಿ ಇಟ್ಟು ಆಮ್ಯಾಲೆ ಅಳಿಸಿ ಬಿಡ್ತೈತಿ. ಕಳಿಸಿದ ಮೇಲ್ ಸರ್ವರ್‌ನ್ಯಾಗ ಇರೂದ ಇಲ್ಲ. ಎಲ್ಲಾ ಕೂಡಿ ಡಾಕ್ಯುಮೆಂಟ್ಸ್ ಒಳಗ ‘ಔಟ್‌ಲುಕ್ ಫೈಲ್ಸ್’ ಅನ್ನೂ ಫೋಲ್ಡರ್‌ನ್ಯಾಗ ಒಂದ ಪಿಎಸ್‌ಟಿ ಫೈಲ್ ಆಗಿ ಕುಂತಿರ್ತೈತಿ. ನಮ್ಮದು 18 ಜಿಬಿ ಇತ್ತು. ಈಗ ಇಷ್ಟ ಶಾಣ್ಯಾನಂಗ ಹೇಳಾಕತ್ತೀನಲ್ಲ, ಇದೆಲ್ಲಾ ಕಳಕೊಂಡ ಮ್ಯಾಲೆ ಕಲ್ತದ್ದು.

ಫೋನ್ ಹಚ್ಚಿದೆ. ಮೊದಲನೇ ಉತ್ತರ: ‘ಸಿಂಕ್ ಆಗಾಕತ್ತಿರಬೇಕ್ರಿ, ರಾತ್ರಿ ಬಿಡ್ರಿ.’ ರಾತ್ರಿಯೆಲ್ಲಾ ಬಿಟ್ವಿ. ಎರಡನೇದು: ‘ನಿಮ್ಮ ಸರ್ವರ್‌ನವರನ್ನ ಕೇಳ್ರಿ.’ ಕೇಳಿದ್ವಿ, ಅವರಲ್ಲೆ ಇಲ್ಲ. ಮೂರನೇದಕ್ಕ ನಾ ಹುಬ್ಬಳ್ಳಿಗೆ ಹೋಗಿ ಎದರಿಗೆ ನಿಂತೆ. ಆಗ ಬಾಯಿ ಬಿಟ್ಟ. ‘ಒಂದು ದೊಡ್ಡ ಫೈಲ್ ಇತ್ರಿ ಸರ್. ಸಿ ಡ್ರೈವ್ ಅಳಿಸಿ ಫಾರ್ಮ್ಯಾಟ್ ಮಾಡೂ ಮುಂಚೆ ಪೆನ್‌ಡ್ರೈವ್‌ಗೆ ಕಾಪಿ ಆಗಲಿಲ್ಲ, ಎರರ್ ಬಂತು. ಸ್ಕಿಪ್ ಕೊಟ್ಟೆ.’

ಸ್ಕಿಪ್ ಕೊಟ್ಟೆ! ಎಂಟು ವರ್ಷದ್ದು, ಒಂದ ಕ್ಲಿಕ್ಕಿಗೆ. ಬಸ್ ತಪ್ಪಿತು ಅನ್ನೂವಂಗ ಹೇಳಿದ. ಅವನ 32 ಜಿಬಿ ಪೆನ್‌ಡ್ರೈವ್‌ನ್ಯಾಗ ಜಾಗ ಇತ್ತು, ಆದ್ರ ಅದು ಫ್ಯಾಟ್32 ಅನ್ನೂ ಹಳೇ ಫಾರ್ಮ್ಯಾಟಿಂದು. ಅದರಾಗ 4 ಜಿಬಿಕಿಂತ ದೊಡ್ಡ ಫೈಲ್ ಹಿಡಿಯೂದಿಲ್ಲ. ನಮ್ಮದ ಡಿ ಡ್ರೈವ್ ಬ್ಯಾರೆ ಹಾರ್ಡ್ ಡಿಸ್ಕು, 300 ಜಿಬಿ ಖಾಲಿ ಬಿದ್ದಿತ್ತು. ಅಲ್ಲಿಗೆ ಎಳದಿದ್ರ ಮುಗೀತಿತ್ತು. ‘ಒಂದ ಫೋನ್ ಮಾಡಬಾರದಿತ್ತೇನೋ’ ಅಂದೆ. ‘ನೀವು ಹೊರಗ ಚಾ ಕುಡ್ಯಾಕ ಹೋಗಿದ್ರಿ ಸರ್’ ಅಂದ. ಚಾ ಕುಡೀರಿ ಅಂದವ ಯಾರು?

ಮಾಲಕರು ಬಂದ್ರು. ‘ಡೇಟಾ ಜವಾಬ್ದಾರಿ ಕಸ್ಟಮರ್‌ದ ಇರ್ತೈತಿ, ಬೋರ್ಡ್ ಹಾಕೇವಲ್ರಿ’ ಅಂತ ಗ್ವಾಡಿ ತೋರಿಸಿದ್ರು. ಬೋರ್ಡಿನ ಮುಂದ ಪ್ರಿಂಟರ್ ಡಬ್ಬಿ ಒಟ್ಟಿದ್ರು. ಬಿಲ್ ಐತೇನ್ರಿ ಅಂದ್ರು. ಇಲ್ಲಲ್ಲ.

ರಿಕವರಿ ಮಾಡವರ ಕಡೆನೂ ಒಯ್ದೆ. ಸಿ ಡ್ರೈವ್ ಎಸ್‌ಎಸ್‌ಡಿ, ಅಂದ್ರ ಚಿಪ್ಪಿನ ಡಿಸ್ಕು ಐತಿ, ಫಾರ್ಮ್ಯಾಟ್ ಆದಮ್ಯಾಲೆ ಟ್ರಿಮ್ ಅನ್ನೂದು ಅಳಿಸಿದ ಜಾಗ ಖಾಲಿ ಮಾಡಿ ಬಿಡ್ತೈತಿ, ಹಳೇ ಹಾರ್ಡ್ ಡಿಸ್ಕಿನಂಗ ಕೆದರಿ ತಗಿಯಾಕ ಬರೂದಿಲ್ಲ ಅಂದ್ರು. ಅವರು ರೊಕ್ಕ ತಗೋಲಿಲ್ಲ, ಅವರು ಪುಣ್ಯಾತ್ಮರು.

ಅಪ್‌ಗ್ರೇಡ್ ಮಾಡಬ್ಯಾಡ್ರಿ ಅನ್ನಾಕತ್ತಿಲ್ಲ. ಸೆಕ್ಯೂರಿಟಿ ಅಪ್‌ಡೇಟ್ ಇಲ್ಲದ್ದನ್ನ ವರ್ಷಗಟ್ಟಲೆ ಓಡಸೂದೂ ಬರೋಬರಿ ಅಲ್ಲ. ಆದ್ರ ಯಾರೋ ತಾರೀಖು ಹೇಳಿ ಹೆದರಿಸಿದ್ರು ಅಂತ ಓಡಬ್ಯಾಡ್ರಿ. ಔಟ್‌ಲುಕ್ ಬಂದ್ ಮಾಡಿ, ಆ ಪಿಎಸ್‌ಟಿ ಫೈಲ್ ನೀವ ಕೈಯಾರೆ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕ್ರಿ, ಇನ್ನೊಂದು ಕಂಪ್ಯೂಟರ್‌ನ್ಯಾಗ ತಗದು ನೋಡ್ರಿ, ಆಮ್ಯಾಲೆ ಸಿಪಿಯು ಹೊರಗ ಒಯ್ರಿ. ರೊಕ್ಕ ಕೊಡಾಕ ಮನಸಿಲ್ಲಂದ್ರ ಥಂಡರ್‌ಬರ್ಡ್ ಅನ್ನೂ ಮೇಲ್ ಸಾಫ್ಟ್‌ವೇರ್ ಪುಕ್ಕಟ ಐತಿ, ಈಗ ನಾವು ಅದನ್ನ ಹಾಕ್ಕೊಂಡೇವಿ. ಬಿಲ್ ತಗೋರಿ, 18 ಪರ್ಸೆಂಟ್ ಹೋದ್ರ ಹೋಗಲಿ. ನಿಮ್ಮ ಆಫೀಸಿನ ಹುಡುಗಿ ಏನರ ಕೇಳಿದ್ರ ಬಾಯಿ ಮುಚ್ಚಿಕೊಂಡು ಕೇಳ್ರಿ.

ಡಿಸೈನ್ ಫೈಲ್ ಎಲ್ಲಾ ಡಿ ಡ್ರೈವ್‌ನ್ಯಾಗ ಉಳದಾವ. ಹೋದದ್ದು, ಮಾದರಿ ಪ್ರತಿ ನೋಡಿ ಗಿರಾಕಿಗಳು ‘ಪ್ರೂಫ್ ಓಕೆ’ ಅಂತ ಬರದ ಮೇಲ್. ಪ್ರೆಸ್‌ನವರಿಗೆ ಗೊತ್ತು ಅದರ ಬೆಲಿ. ಆಗಸ್ಟ್‌ನ್ಯಾಗ ಒಂದು ಸಂಘದವರಿಗೆ ಪಾಸ್‌ಬುಕ್ ಹೊಡದು ಕೊಟ್ಟಿದ್ವಿ. ಶಾಖಾ ಫೋನ್ ನಂಬರ್ ತಪ್ಪೈತಿ ಅಂತ ಈಗ 38,000 ಬಿಲ್ ಹಿಡದಾರ. ತಪ್ಪ ನಂಬರ್ ಕಳಿಸಿದವರೂ ಅವರ, ಓಕೆ ಅಂದವರೂ ಅವರ. ‘ಹಂಗಾರ ಮೇಲ್ ತೋರಿಸ್ರಿ’ ಅಂತಾರ. ಅವರ ಕಂಪ್ಯೂಟರ್‌ನ್ಯಾಗ ಅದು ಇದ್ದ ಇರ್ತೈತಿ. ತೋರಸ್ತಾರೇನ್ರಿ ಅವರು?